ಹದಿನೇಳನೇ ಸದಸ್ಯ ಅಳಲಿಲ್ಲ

ಸಿಡಿಲಣ್ಣ ಅಭಿಮಾನಿಗಳ ಸಂಘದ ನಲವತ್ತು ಸದಸ್ಯರ ಪೈಕಿ ಮೂವತ್ತೊಂಬತ್ತು ಮಂದಿ ‘ಸಿಡಿಲಣ್ಣ ಮರಳಿ ಬಂದ’ ಚಿತ್ರದ ಮೊದಲ ಪ್ರದರ್ಶನದಲ್ಲಿ ನಿಯಮಾನುಸಾರ ಅತ್ತಿದ್ದಾರೆ ಎಂದು ಈ ಮೂಲಕ ದೃಢೀಕರಿಸಲಾಗಿದೆ. ಒಬ್ಬರು ಅಳಲಿಲ್ಲ. ಆ ಒಬ್ಬರಿಂದ ಏನೇನಾಯಿತು ಎಂಬುದನ್ನು ಸಂಘದ ಕಾರ್ಯದರ್ಶಿಯಾದ ನಾನು, ಯಾರ ಮೇಲೂ ಸಿಟ್ಟಿಲ್ಲದೆ, ಇಲ್ಲಿ ದಾಖಲಿಸುತ್ತಿದ್ದೇನೆ. ಸಿಟ್ಟು ಇತ್ತು. ಈಗ ಇಲ್ಲ.

ನಾನು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇಪ್ಪತ್ತೊಂಬತ್ತು ವರ್ಷ ತಕ್ಕಡಿಗಳಿಗೆ ಮುದ್ರೆ ಒತ್ತಿ ನಿವೃತ್ತನಾದವನು. ನಮ್ಮ ಅಧ್ಯಕ್ಷರು ಹಲ್ಲಿನ ಡಾಕ್ಟರು. ಸಂಘಕ್ಕೆ ಸ್ವಂತ ಕಟ್ಟಡ ಇಲ್ಲದ್ದರಿಂದ ಭಾನುವಾರದ ಸಭೆಗಳು ಅವರ ಕ್ಲಿನಿಕ್ಕಿನಲ್ಲೇ ನಡೆಯುತ್ತವೆ. ಅಧ್ಯಕ್ಷರು ತಿರುಗುವ ಸ್ಟೂಲಿನ ಮೇಲೆ, ಮಾತಾಡುವವರು ಹಲ್ಲು ಕೀಳುವ ಕುರ್ಚಿಯ ಮೇಲೆ, ಉಳಿದವರು ಗೋಡೆಗೆ ಒರಗಿಕೊಂಡು. ಆ ಕುರ್ಚಿಯಲ್ಲಿ ಮಲಗಿ ಯಾರೂ ಎರಡು ನಿಮಿಷಕ್ಕಿಂತ ಹೆಚ್ಚು ಭಾಷಣ ಮಾಡಿದ್ದಿಲ್ಲ. ಬೇರೆ ಸಂಘಗಳೂ ಇದನ್ನು ಪರಿಶೀಲಿಸಬಹುದು.

ಸಿಡಿಲಣ್ಣ ಯಾರೆಂದು ತಿಳಿಯದ ನತದೃಷ್ಟರಿಗಾಗಿ ಎರಡು ಮಾತು. ಮೂವತ್ತನಾಲ್ಕು ವರ್ಷದ ಹಿಂದೆ ಆ ಚಿತ್ರ ಬಂತು. ಹಳದಿ ಬೂಟು, ಬೆನ್ನ ಮೇಲೆ ಹಾರಾಡುವ ನೇರಳೆ ಹೊದಿಕೆ, ಮುಷ್ಟಿ ಎತ್ತಿದರೆ ಗುಡುಗು. ಹಾರುವಾಗ ಸೊಂಟಕ್ಕೆ ಕಟ್ಟಿದ ತಂತಿ ಚೆನ್ನಾಗಿಯೇ ಕಾಣುತ್ತಿತ್ತು, ನಾವು ನೋಡುತ್ತಿರಲಿಲ್ಲ ಅಷ್ಟೆ. ಮೂರು ವಾರ ಓಡಿತು. ಆಮೇಲೆ ಇದ್ದ ಒಂದೇ ಪ್ರತಿ ಚಿತ್ರಸಂಸ್ಥೆಯ ಗೋದಾಮು ಸೇರಿತು, ಮತ್ತೆ ಯಾರೂ ಅದನ್ನು ನೋಡಲಿಲ್ಲ. ನೋಡದೇ ಇದ್ದದ್ದರಿಂದ ನಮ್ಮ ಪ್ರೀತಿ ವರ್ಷದಿಂದ ವರ್ಷಕ್ಕೆ ಬೆಳೆಯಿತು. ಚಿತ್ರ ಬಂದಾಗ ನನಗೆ ಇಪ್ಪತ್ತಾರು ವರ್ಷ. ಬಾಲ್ಯ ಅನ್ನಲು ಸ್ವಲ್ಪ ತಡವೇ. ಆದರೆ ನಮ್ಮ ಬೈಲಾದಲ್ಲಿ ಬಾಲ್ಯಕ್ಕೆ ವಯೋಮಿತಿ ಇಲ್ಲ. ಆ ಬೈಲಾ ಬರೆದವನು ನಾನೇ.

ಈ ವರ್ಷ ಸಂಸ್ಥೆಯವರು ಸಿಡಿಲಣ್ಣನನ್ನು ಹೊಸದಾಗಿ ತೆಗೆದರು. ಸಂಘದೊಂದಿಗೆ ಒಂದು ಒಪ್ಪಂದವೂ ಆಯಿತು: ನಲವತ್ತಕ್ಕೆ ನಲವತ್ತು ಸದಸ್ಯರೂ ಭಾವುಕರಾದಲ್ಲಿ, ಮುಂದೆ ತೆರೆಗೆ ಬರುವ ಪ್ರತಿಗಳಲ್ಲಿ ಸಂಘದ ಹೆಸರನ್ನು ನಾಲ್ಕು ಸೆಕೆಂಡು ತೋರಿಸತಕ್ಕದ್ದು. ಒಬ್ಬ ಕಡಿಮೆಯಾದರೂ ಒಪ್ಪಂದ ರದ್ದು. ಇದಕ್ಕಾಗಿ ‘ಭಾವನಾ ನಮೂನೆ ಮೂರು’ ಕಳಿಸಿದ್ದರು. ಅದರಲ್ಲಿ ಗುರುತು ಹಾಕಬೇಕಾದ ಕಲಂಗಳು ಹೀಗಿದ್ದವು: ಕಣ್ಣೀರು, ಒಂದು ಕಣ್ಣು. ಕಣ್ಣೀರು, ಎರಡೂ ಕಣ್ಣು. ಎರಡೂ ಕಣ್ಣು, ಬಿಕ್ಕಳಿಕೆ ಸಹಿತ. ಇಷ್ಟೇ. ನಾಲ್ಕನೆಯ ಕಲಂ ಇಲ್ಲ.

ಸದಸ್ಯರ ಮೇಲೆ ನನಗೆ ನಂಬಿಕೆ ಇತ್ತು, ಅಧ್ಯಕ್ಷರಿಗೆ ಅಷ್ಟಿರಲಿಲ್ಲ. ಚಿತ್ರ ಶುರುವಾಗುವ ಮೊದಲು ಅವರು ಥಿಯೇಟರಿನ ಮೆಟ್ಟಿಲ ಮೇಲೆ ನಿಂತು, ಹಲ್ಲುನೋವಿಗೆ ಕೊಡುವ ಲವಂಗದೆಣ್ಣೆಯಲ್ಲಿ ಅದ್ದಿದ ಹತ್ತಿಯ ಉಂಡೆಗಳನ್ನು ಕೈಗೊಂದರಂತೆ ಹಂಚಿದರು. “ಕಣ್ಣಿಗೆ ಮುಟ್ಟಿಸ್ಬೇಡಿ, ಕೆಳಗೆ ಹಿಡಿದ್ರೆ ಸಾಕು” ಎಂದು ಸೂಚನೆಯನ್ನೂ ಕೊಟ್ಟರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ನಾವಲ್ಲ. ಕಣ್ಣೀರಿನ ಮೂಲ ಯಾವುದು ಎಂಬ ಪ್ರಶ್ನೆ ನಮೂನೆಯಲ್ಲಿ ಇರಲಿಲ್ಲ, ನಾವು ಉತ್ತರಿಸಲಿಲ್ಲ.

ಊರಿಗೇ ಒಂದು ದಾರಿಯಾದರೆ ಎಡವಟ್ಟನಿಗೇ ಒಂದು ದಾರಿ. ಸದಸ್ಯ ಸಂಖ್ಯೆ ಹದಿನೇಳು ಲಿಫ್ಟ್ ರಿಪೇರಿ ಮಾಡುವವನು. ಯಾವುದೋ ಆಸ್ಪತ್ರೆಯ ಲಿಫ್ಟು ಮಧ್ಯದಲ್ಲೇ ನಿಂತಿದೆ ಅಂತ ಕರೆ ಬಂದು, ಹತ್ತಿ ಹಂಚುವ ಹೊತ್ತಿಗೆ ಅಲ್ಲಿಗೆ ಹೋಗಿದ್ದ. ದೀಪ ಆರುವಾಗ ಗ್ರೀಸಿನ ಕೈಯಲ್ಲೇ ಓಡಿ ಬಂದು ಕೂತ. ಚಿತ್ರ ಮುಗಿದ ಮೇಲೆ ನಾನು ಬಾಗಿಲಲ್ಲಿ ನಮೂನೆಗಳನ್ನು ಸಂಗ್ರಹಿಸುತ್ತಿದ್ದೆ. ಮೂವತ್ತೊಂಬತ್ತರ ಮೇಲೂ ಗುರುತು ಇತ್ತು, ಲವಂಗದ ಘಮ ಇತ್ತು. ಇವನ ನಮೂನೆಯಲ್ಲಿ ಯಾವ ಕಲಮಿಗೂ ಗುರುತಿಲ್ಲ. ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿದ್ದ: ‘ಟೈಲರ್ ಸೀನ್ ಇಲ್ಲ.’

“ಯಾವ ಟೈಲರಪ್ಪಾ?” ಅಂದೆ.

“ಹಳೇ ಪಿಕ್ಚರ್‌ನಲ್ಲಿತ್ತಲ್ಲ ಸರ್. ಸಿಡಿಲಣ್ಣನ ಹೊದಿಕೆ ಹರಿದೋಗತ್ತೆ, ಟೈಲರ್ ಅಕ್ಕನ ಹತ್ರ ಬರ್ತಾನೆ... ಅದೇ ಮೇನ್ ಸೀನಲ್ವ ಸರ್? ಅದೊಂದಕ್ಕೇ ನಾನು ಮೂವತ್ತನಾಲ್ಕು ವರ್ಷ ಕಾದಿದ್ದು.”

“ಒಂದು ಕಣ್ಣಿಗಾದ್ರೂ ಗುರುತು ಹಾಕು ಮಾರಾಯಾ. ಸಂಘದ ಮಾನದ ಪ್ರಶ್ನೆ.”

“ಬರದೇ ಇರೋ ಅಳು ಬಂತು ಅಂತ ಹೆಂಗೆ ಹಾಕ್ಲಿ ಸರ್?”

ಎಷ್ಟು ಉಡಾಫೆ ನೋಡಿ! ಇವನ ಮುಂದೆ ಮೂವತ್ತೊಂಬತ್ತು ಗೌರವಸ್ಥರು ಹಾಕಿ ಹೋಗಿದ್ದಾರೆ. ಅಲ್ಲೇ ನಿಂತು ವಿಚಾರಣಾ ನೋಟಿಸು ಬರೆದು ಅವನ ಕೈಗೆ ಕೊಟ್ಟೆ. ಒರೆಸಿಕೊಂಡು ತೆಗೆದುಕೋ ಅಂದರೂ ಗ್ರೀಸು ಹತ್ತಿಸಿಯೇ ತೆಗೆದುಕೊಂಡ.

ಮುಂದಿನ ಭಾನುವಾರ ವಿಚಾರಣೆ. ಹದಿನೇಳನ್ನು ಕುರ್ಚಿಯಲ್ಲಿ ಮಲಗಿಸಿ, ಅಧ್ಯಕ್ಷರು ಅಭ್ಯಾಸಬಲದಿಂದ ಮೇಲಿನ ದೀಪ ಹಾಕಿ, “ಬಾಯಿ ಬಿಡು” ಅಂದರು. ಬಿಟ್ಟ.

“ಆಗ ನಂಗೆ ಏಳು ವರ್ಷ ಸರ್. ಅಮ್ಮನ ಜೊತೆ ಹೋಗಿದ್ದೆ. ಮಟಮಟ ಮಧ್ಯಾಹ್ನ ಸಿಡಿಲಣ್ಣ ಟೈಲರ್ ಅಂಗಡಿಗೆ ಬರ್ತಾನೆ. ಕರೆಂಟ್ ತಂತಿಗೆ ಸಿಕ್ಕಿ ಹೊದಿಕೆ ಹರಿದಿರತ್ತೆ. ‘ಅರ್ಜೆಂಟ್ ಅಕ್ಕ’ ಅಂತಾನೆ. ಅವಳು ಮಿಷನ್ನಿಂದ ತಲೆ ಎತ್ತಲ್ಲ. ‘ಎಲ್ಲರಿಗೂ ಅರ್ಜೆಂಟೇ, ಕೂತ್ಕೋ’ ಅಂತಾಳೆ. ಅವನು ಬೆಂಚಲ್ಲಿ ಕೂತ್ಕೋತಾನೆ ಸರ್, ಪ್ಯಾಂಟ್ ಗಿಡ್ಡ ಮಾಡ್ಸೋಕೆ ಬಂದವನ ಪಕ್ಕದಲ್ಲಿ. ಅವನ ಸರದಿ ಬಂದಾಗ ಅವಳು ಬೈತಾಳೆ. ‘ಇಷ್ಟು ಎತ್ತರ ಹಾರ್ತೀಯ, ಎದುರಿಗಿರೋ ತಂತಿ ಕಾಣಲ್ವೇನೋ ನಿಂಗೆ?’ ಅಂತ. ಅವನು ಅವಳಿಗೆ ಮಾತ್ರ ಕೇಳೋ ಹಾಗೆ ಹೇಳ್ತಾನೆ. ‘ಅಕ್ಕ, ಹತ್ತೋದು ಕಷ್ಟ ಇಲ್ಲ. ಇಳಿಯೋವಾಗ ಭಯ ಆಗತ್ತೆ. ಕಣ್ಣು ಮುಚ್ಕೋತೀನಿ. ಅದಕ್ಕೇ ತಂತಿ ಕಾಣಲ್ಲ.’ ಅವಳು ದಾರ ಕಚ್ಚಿ ಕತ್ತರಿಸಿ, ‘ಭಯ ಆದ್ರೆ ನಿಧಾನಕ್ಕೆ ಇಳಿ. ಯಾರು ಅಟ್ಟಿಸ್ಕೊಂಡು ಬರ್ತಿದಾರೆ?’ ಅಂತಾಳೆ. ಅಷ್ಟೇ ಸರ್.”

ಅಧ್ಯಕ್ಷರು ಸ್ಟೂಲನ್ನು ಕುರ್ಚಿಯ ಹತ್ತಿರಕ್ಕೆ ಎಳೆದುಕೊಂಡರು.

“ನಂಗೂ ಹತ್ತೋದಕ್ಕೆ ಭಯ ಇರ್ಲಿಲ್ಲ, ಇಳಿಯೋದಕ್ಕೆ ಇತ್ತು” ಅಂದ ಹದಿನೇಳು, ದೀಪಕ್ಕೆ ಕಣ್ಣು ಕಿರಿದು ಮಾಡಿಕೊಂಡು. “ಸ್ಕೂಲಲ್ಲಿ ಮೆಟ್ಟಿಲ ಮೇಲೆ ನಿಂತು ಅಳ್ತಿದ್ದೆ. ಆ ಸೀನ್ ನೋಡಿದ್ಮೇಲೆ ಅಳ್ಲಿಲ್ಲ. ದೊಡ್ಡವನಾದ್ಮೇಲೆ ಇದೇ ಕೆಲಸ ಹಿಡಿದೆ. ಮೇಲೆ ಸಿಕ್ಕಿಹಾಕ್ಕೊಂಡವರನ್ನ ನಿಧಾನಕ್ಕೆ ಇಳಿಸೋದು. ಆ ಸೀನ್ ಇಲ್ಲಾಂದ್ರೆ ನಾನು ಯಾಕೆ ಲಿಫ್ಟ್ ರಿಪೇರಿ ಮಾಡ್ತಿದೀನಿ, ನೀವೇ ಹೇಳಿ.”

ಮೊದಲು ಮೂಗು ಸೇದಿದವರು ಅಧ್ಯಕ್ಷರು. “ಆ ಬೆಂಚಿನ ಒಂದು ಕಾಲು ಅಲ್ಲಾಡ್ತಿತ್ತು, ನೆನಪಿದೆ” ಅಂದರು. ಆರನೇ ಸದಸ್ಯರಿಗೆ ಪ್ಯಾಂಟಿನವನ ಮೀಸೆ ನೆನಪಾಯಿತು. ಇಪ್ಪತ್ತೆರಡನೆಯವರಿಗೆ ಮಿಷನ್ನಿನ ಸದ್ದು. ನನಗೆ, ಸತ್ಯವಾಗಿ ಹೇಳುತ್ತೇನೆ, ಆ ಅಕ್ಕನ ಕೊರಳಲ್ಲಿ ನೇತಾಡುತ್ತಿದ್ದ ಅಳತೆ ಟೇಪು ನೆನಪಾಯಿತು. ಇಲಾಖೆಯ ಮುದ್ರೆ ಇದ್ದ ಟೇಪು. ಎಲ್ಲರೂ ಅತ್ತೆವು, ಲವಂಗ ಇಲ್ಲದೆ. ನನ್ನ ಎಡಗಣ್ಣೊಂದರಿಂದಲೇ ಅಂದಾಜು ಒಂದು ಮಿಲಿಲೀಟರ್.

ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಪೈಕಿ ನಾವಲ್ಲ. ಆದ್ದರಿಂದ ವಿಷಯವನ್ನು ಮತಕ್ಕೆ ಹಾಕಿದೆವು. ಹಳೆಯ ಚಿತ್ರದಲ್ಲಿ ಆ ದೃಶ್ಯ ಇತ್ತು ಎಂದು ಮೂವತ್ತೊಂಬತ್ತು ಮತಗಳಿಂದ ನಿರ್ಣಯವಾಯಿತು. ಹದಿನೇಳು ಆಪಾದಿತನಾದ್ದರಿಂದ ಅವನಿಗೆ ಮತದ ಹಕ್ಕಿರಲಿಲ್ಲ.

ನಿರ್ಣಯದ ಪ್ರತಿ ಚಿತ್ರಸಂಸ್ಥೆಗೆ ತಲುಪಿದ ನಾಲ್ಕನೇ ದಿನ ಅಲ್ಲಿಂದ ಭಾವನಾಧಿಕಾರಿಣಿ ಬಂದರು. ಹಳೆಯ ಚಿತ್ರ ಬಂದಾಗ ಇನ್ನೂ ಹುಟ್ಟಿರದ ಹುಡುಗಿ. ಆದರೂ ನಮ್ಮ ಬಾಲ್ಯದ ಪೂರ್ತಿ ಕಡತ ಅವರ ಕೈಯಲ್ಲಿತ್ತು. ಗೋದಾಮಿನ ಪ್ರತಿಯನ್ನು ತಂದು, ಹಲ್ಲಿನ ಎಕ್ಸ್‌ರೇ ನೋಡುವ ಪರದೆಯ ಪಕ್ಕದ ಗೋಡೆಯ ಮೇಲೆ ಪೂರ್ತಿ ತೋರಿಸಿದರು. ಟೈಲರ್ ಇಲ್ಲ. ಇಂಟರ್ವಲ್ ಆದ ಮೇಲೆ ಖಳನಾಯಕನ ಹುಟ್ಟುಹಬ್ಬದ ಕುಣಿತ, ಹನ್ನೊಂದು ನಿಮಿಷ. ಅದು ನಮ್ಮಲ್ಲಿ ಒಬ್ಬರಿಗೂ ನೆನಪಿರಲಿಲ್ಲ.

“ನೀವೆಲ್ಲ ಅತ್ತಿದೀರಿ, ಸಂತೋಷ” ಅಂದರು ಅಧಿಕಾರಿಣಿ. “ಆದ್ರೆ ನಮ್ಮದಲ್ಲದ ದೃಶ್ಯಕ್ಕೆ ಅತ್ತಿದೀರಿ. ಒಪ್ಪಂದದ ಒಂಬತ್ತನೇ ಕಲಂ ಓದಿದೀರಾ?”

ಓದಿರಲಿಲ್ಲ. ಓದಿದೆವು. ‘ಸಿಡಿಲಣ್ಣನಿಂದ ಉಂಟಾದ ಸಮಸ್ತ ಬಾಲ್ಯವೂ ಸಂಸ್ಥೆಯ ಸ್ವತ್ತಾಗಿದ್ದು, ಸದಸ್ಯರು ಅದನ್ನು ಬಳಕೆಗೆ ಮಾತ್ರ ಹೊಂದಿರತಕ್ಕದ್ದು. ಹೊರಗಿನಿಂದ ಬಾಲ್ಯವನ್ನು ಸೇರಿಸುವಂತಿಲ್ಲ.’ ಕೆಳಗೆ ನಲವತ್ತು ಸಹಿ, ಮೊದಲನೆಯದು ನನ್ನದು.

“ಸೇರಿಸಿದ್ದು ಯಾರು?” ಎಂದು ಕೇಳಿದರು. ಮೂವತ್ತೊಂಬತ್ತು ಬೆರಳು ಒಟ್ಟಿಗೆ ಹದಿನೇಳರ ಕಡೆ ತಿರುಗಿದವು. ನಮ್ಮ ಸಂಘದ ಒಗ್ಗಟ್ಟನ್ನು ಮೆಚ್ಚಲೇಬೇಕು.

ಹದಿನೇಳರ ಮುಖ ಬಿಳಿಚಿಕೊಂಡಿತ್ತು. ಆ ಗೋಡೆಯನ್ನೇ ನೋಡುತ್ತಿದ್ದ. “ನಾನು ನೋಡಿದೀನಿ ಮೇಡಂ. ಆಣೆ ಮಾಡಿ ಹೇಳ್ತೀನಿ. ಬೇಕಾದ್ರೆ ಅಮ್ಮನ್ನ ಕೇಳಿ, ಜೊತೇಲಿದ್ರು.”

ತಾಯಿಗೆ ಸಮನ್ಸು ಹೋಯಿತು. ಮರುವಾರ ಬಂದರು. ಎಪ್ಪತ್ತು ದಾಟಿದ ಹೆಂಗಸು, ಕನ್ನಡಕಕ್ಕೆ ದಾರ ಕಟ್ಟಿಕೊಂಡಿದ್ದರು, ಚೀಲದಲ್ಲಿ ಅಂಚು ಹೊಲಿಯಬೇಕಾದ ಶಾಲೆಯ ಯೂನಿಫಾರಂಗಳು. ಜೀವನಪೂರ್ತಿ ಟೈಲರ್ ಕೆಲಸ ಮಾಡಿದವರಂತೆ. ಈ ಅಂಶ ಕಡತದಲ್ಲಿ ಇಲ್ಲದ್ದರಿಂದ ಅಲ್ಲಿಯವರೆಗೆ ಯಾರಿಗೂ ಏನೂ ಹೊಳೆದಿರಲಿಲ್ಲ. ಕುರ್ಚಿಯಲ್ಲಿ ಮಲಗಲು ಒಪ್ಪಲಿಲ್ಲ. “ಹಲ್ಲೇ ಇಲ್ಲ ನಂಗೆ, ಎಲ್ಲಿ ಕೀಳ್ತೀರ?” ಎಂದು ನಿಂತೇ ಹೇಳಿದರು.

“ಅಯ್ಯೋ, ಅಂಥ ಸೀನು ಎಲ್ಲಿತ್ತು ಅದ್ರಲ್ಲಿ! ಇಂಟರ್ವಲ್ ಆಗ್ತಿದ್ದ ಹಾಗೇ ಕರೆಂಟ್ ಹೋಯ್ತು. ಒಂದು ಗಂಟೆ ಕಾದ್ವಿ, ಬರ್ಲಿಲ್ಲ. ಎಲ್ರನ್ನೂ ಎಬ್ಬಿಸಿ ಕಳಿಸಿದ್ರು. ಇವನದು ಒಂದೇ ಗೋಳು, ಮುಂದೇನಾಯ್ತು ಮುಂದೇನಾಯ್ತು ಅಂತ. ಹೆಗಲ ಮೇಲೆ ಹಾಕ್ಕೊಂಡು ನಡ್ಕೊಂಡೇ ಬಂದೆ. ಮುಂದೇನಾಯ್ತು ಅಂತ ನಂಗೇನ್ ಗೊತ್ತು? ನಂಗೆ ಗೊತ್ತಿದ್ದದ್ದು ಹೊಲಿಗೆ ಒಂದೇ. ಅದಕ್ಕೆ ಅವನನ್ನ ಹೊಲಿಗೆಗೆ ಕರ್ಕೊಂಡ್ಬಂದೆ. ಇವನು ಮೆಟ್ಟಿಲು ಇಳಿಯೋಕೆ ಹೆದರ್ತಿದ್ದ, ಅದನ್ನೂ ಸೇರಿಸ್ದೆ. ಮನೆ ಬರೋ ಹೊತ್ತಿಗೆ ನಿದ್ದೆ ಮಾಡಿದ್ದ.”

ಹದಿನೇಳು ಅಮ್ಮನ ಕಡೆ ತಿರುಗಿದ.

“ಇಷ್ಟು ವರ್ಷ ಯಾಕಮ್ಮ ಹೇಳ್ಲಿಲ್ಲ?”

“ನಾನು ಹೇಳಿದ ಕಥೆ ಅಂತ ನಿಂಗೆ ಗೊತ್ತಿದೆ ಅಂದ್ಕೊಂಡಿದ್ದೆ ಕಣೋ.”

ಆಗ ಅತ್ತ. ನಲವತ್ತೊಂದು ವರ್ಷದ ಗಂಡಸು, ಅಮ್ಮನ ಯೂನಿಫಾರಂ ಚೀಲದ ಮೇಲೆ ತಲೆ ಇಟ್ಟು, ಎರಡೂ ಕಣ್ಣು, ಬಿಕ್ಕಳಿಕೆ ಸಹಿತ. ನಾನು ತಡಮಾಡದೆ ನಮೂನೆ ಮೂರು ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದೆ. ಅಧಿಕಾರಿಣಿ ಕೈ ಅಡ್ಡ ಹಿಡಿದರು. “ಇದು ನಡಿಯಲ್ಲ ಸರ್. ಇದು ತಾಯಿಗೆ ಅತ್ತಿದ್ದು.” ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಪೆನ್ನಿನ ಮುಚ್ಚಳ ಹಾಕಿದೆ.

ವರದಿ ಕೇಂದ್ರ ಕಚೇರಿಗೆ ಹೋಯಿತು. ಸಂಸ್ಥೆಯ ಮುಂದೆ ಎರಡು ಮಾರ್ಗಗಳಿದ್ದವಂತೆ. ಒಂದು, ಅನುಮತಿ ಇಲ್ಲದೆ ಸಿಡಿಲಣ್ಣನನ್ನು ಮನೆಯವರೆಗೆ ಕರೆದೊಯ್ದು ಹೊಲಿಗೆ ಅಂಗಡಿಯಲ್ಲಿ ಕೂರಿಸಿದ್ದಕ್ಕೆ ತಾಯಿಯ ಮೇಲೆ ಕ್ರಮ. ಇನ್ನೊಂದು ಉದಾರವಾದದ್ದು. ಅವರು ಉದಾರವಾದದ್ದನ್ನು ಆರಿಸಿದರು. ಬಂದ ಪ್ರಕಟಣೆಯನ್ನು ಯಥಾವತ್ತಾಗಿ ಕೊಡುತ್ತೇನೆ: ‘ಮೂಲ ಚಿತ್ರದಿಂದ ಕಳೆದುಹೋಗಿದ್ದ ಟೈಲರ್ ದೃಶ್ಯವು ಗೋದಾಮಿನಲ್ಲಿ ಪತ್ತೆಯಾಗಿದೆ ಎಂದು ತಿಳಿಸಲು ಹರ್ಷಿಸುತ್ತೇವೆ. ಸದರಿ ದೃಶ್ಯದ ಚಿತ್ರೀಕರಣವು ಮುಂದಿನ ತಿಂಗಳು ಆರಂಭವಾಗಲಿದೆ.’

ಅದಕ್ಕೆ ಎರಡು ಹೇಳಿಕೆ ಬೇಕಾಗಿದ್ದವು. ಆ ದೃಶ್ಯವನ್ನು ಥಿಯೇಟರಿನಲ್ಲೇ ನೋಡಿದೆ ಎಂದು ಮಗನಿಂದ. ದಾರಿಯಲ್ಲಿ ಏನನ್ನೂ ಹೇಳಲಿಲ್ಲ ಎಂದು ತಾಯಿಯಿಂದ.

ತಾಯಿ ಒಂದೇ ಸಲಕ್ಕೆ ಸಹಿ ಹಾಕಿದರು. ಹದಿನೇಳು ಪೆನ್ನು ಹಿಡಿದು ಕೂತೇ ಇದ್ದ.

“ಅಮ್ಮಾ, ನೀನು ಹೇಳಿದ್ದು ತಾನೆ ಅದು?”

“ಹೇಳಿದ್ರೆ ಏನೀಗ? ನಿಂಗೆ ಒಂದು ಸಲ ನೋಡ್ಬೇಕು ತಾನೆ? ನಾನು ಹೇಳಿದ್ದನ್ನ ನೋಡೋಕಾಗತ್ತಾ? ಹಾಕೋ ಸೈನು, ಮನೇಲಿ ಕೆಲ್ಸ ಬಿದ್ದಿದೆ.”

ಹಾಕಿದ. ಸಾಕ್ಷಿಯಾಗಿ ನಾನು ಹಾಕಿದೆ.

ನಾಲ್ಕು ತಿಂಗಳ ಮೇಲೆ ಪತ್ತೆಯಾದ ದೃಶ್ಯದೊಂದಿಗೆ ಚಿತ್ರ ಮತ್ತೆ ಬಿಡುಗಡೆಯಾಯಿತು. ಹೇಳಿಕೆಯ ಪ್ರಕಾರ ತಾಯಿಗೂ ದೃಶ್ಯಕ್ಕೂ ಸಂಬಂಧ ಇಲ್ಲದ್ದರಿಂದ ಅವರಿಗೆ ಟಿಕೆಟು ಕಳಿಸಿರಲಿಲ್ಲ. ದೃಶ್ಯ ಭರ್ಜರಿಯಾಗಿತ್ತು. ಅಂಗಡಿ ಅಂದರೆ ಅರಮನೆ. ಟೈಲರಮ್ಮನಿಗೆ ಹೆಚ್ಚೆಂದರೆ ಇಪ್ಪತ್ತೆರಡು, ಮಿಷನ್ನು ಚಿನ್ನದ್ದು. ಕಾಯುವ ಬೆಂಚೂ ಇಲ್ಲ, ಪ್ಯಾಂಟಿನವನೂ ಇಲ್ಲ, ಸಿಡಿಲಣ್ಣನನ್ನು ಕಾಯಿಸುವುದು ಸಂಸ್ಥೆಯ ನೀತಿಗೆ ವಿರುದ್ಧ. ಅವನು ಬಂದ ಕೂಡಲೇ ಅವಳು ಎದ್ದು ಕೈ ಮುಗಿದು ನಿಲ್ಲುತ್ತಾಳೆ. “ಇಳಿಯುವಾಗ ಭಯವಾಗುವುದಿಲ್ಲವೇ?” ಎಂದು ಅವಳೇ ಕೇಳುತ್ತಾಳೆ. ಅವನು ಮುಷ್ಟಿ ಎತ್ತಿ, “ಸಿಡಿಲಿಗೆ ಭಯವೇ, ತಾಯಿ?” ಅನ್ನುತ್ತಾನೆ. ಗುಡುಗು.

ಮೂವತ್ತೊಂಬತ್ತು ಜನ ಮೊದಲ ಸಲಕ್ಕೇ ಅತ್ತೆವು. “ಹೀಗೇ ಇತ್ತು, ಥೇಟ್ ಹೀಗೇ” ಎಂದು ಅಧ್ಯಕ್ಷರು ನನ್ನ ತೋಳು ಹಿಡಿದು ಅಲ್ಲಾಡಿಸಿದರು. ಹೌದು, ಹೀಗೇ ಇತ್ತು. ಹದಿನೇಳು ಮೊದಲ ಸಲ ಸ್ವಲ್ಪ ಗಲಿಬಿಲಿಯಾದವನಂತೆ ಕಂಡ. ಮತ್ತೆ ಹೋಗಿ ನೋಡಿದ. ಮೂರನೇ ಸಲ ನೋಡಿ ಬಂದವನು ತಾನೇ ನಮೂನೆ ಕೇಳಿ ಕೊನೆಯ ಕಲಮಿಗೆ ಗುರುತು ಹಾಕಿದ. ಸಂಘದ ಹೆಸರು ತೆರೆಯ ಮೇಲೆ ಬಂತು. ನಾಲ್ಕು ಸೆಕೆಂಡು ಅಂದಿದ್ದರು, ನನ್ನ ಗಡಿಯಾರದಲ್ಲಿ ಮೂರು ಮುಕ್ಕಾಲು. ಈ ಬಗ್ಗೆ ಪತ್ರ ವ್ಯವಹಾರ ನಡೆದಿದೆ.

ಉಳಿದದ್ದು ಒಂದು ಸಣ್ಣ ವಿಷಯ. ಹದಿನೇಳರ ಮಗಳಿಗೆ ಆರು ವರ್ಷ. ಅಜ್ಜಿ ಅವಳಿಗೆ ಊಟ ಮಾಡಿಸುವಾಗ ಸಿಡಿಲಣ್ಣ ಟೈಲರ್ ಹತ್ತಿರ ಬಂದ ಕಥೆ ಹೇಳುತ್ತಿದ್ದರಂತೆ. ಮಗು ಅದನ್ನು ಶಾಲೆಯಲ್ಲಿ ಹೇಳಿ, ಶಾಲೆಯಿಂದ ಸುದ್ದಿ ಸಂಸ್ಥೆಗೆ ಮುಟ್ಟಿತು. ಈಗ ದೃಶ್ಯ ನೋಂದಾಯಿತ. ಅದನ್ನು ಬಾಯಿಮಾತಿನಲ್ಲಿ ಹೇಳಲು ‘ಗೃಹ ಕಥನ ಪರವಾನಗಿ’ ಬೇಕು. ಪರವಾನಗಿಗೆ ಪರೀಕ್ಷೆ ಇದೆ. ಪರೀಕ್ಷಕನಾಗಿ ಸಂಸ್ಥೆಯವರು, ಅನುಭವ ನೋಡಿ, ನನ್ನನ್ನು ನೇಮಿಸಿದ್ದಾರೆ.

ಹೋದ ಭಾನುವಾರ ಬೆಳಗ್ಗೆ ಅವರ ಮನೆಗೆ ಹೋದೆ. ಕಿಟಕಿಯ ಪಕ್ಕ ಕಾಲಿನಿಂದ ತುಳಿಯುವ ಹಳೆಯ ಮಿಷನ್ನು, ನೆಲದ ತುಂಬ ಬಟ್ಟೆಯ ಚೂರು. ತಾಯಿ ಮಿಷನ್ನಿನ ಸ್ಟೂಲಿನ ಮೇಲೆ, ಮೊಮ್ಮಗಳು ಅವರ ಕಾಲ ಬುಡದಲ್ಲಿ. ಅಮ್ಮ ಪಾಸಾಗಲಿ ಎಂದು ಹದಿನೇಳು ಕೆಲಸಕ್ಕೆ ರಜೆ ಹಾಕಿ, ಬಾಗಿಲಿಗೆ ಒರಗಿ ನಿಂತಿದ್ದ. ನಾನು ಗಡಿಯಾರ ಒತ್ತಿದೆ.

“ಸಿಡಿಲಣ್ಣ ಬಂದ. ಹೊದಿಕೆ ಹರಿದಿತ್ತು” ಎಂದು ಶುರು ಮಾಡಿದರು. “ಟೈಲರ್ ಅಕ್ಕ ಅವನನ್ನ ನೋಡಿ ಚೆನ್ನಾಗಿ ಬೈದ್ಲು...”

“ಬೈಯಲ್ಲಮ್ಮ” ಅಂದ ಹದಿನೇಳು. “ಕೈ ಮುಗಿದು ನಿಂತ್ಕೋತಾಳೆ.”

“ಬೈಯಲ್ವಾ?”

“ಇಲ್ಲಮ್ಮ. ಮೊದಲಿಂದ್ಲೂ ಬೈಯಲ್ಲ.”

“ಸರಿ. ಕೈ ಮುಗಿದ್ಲು. ಅವನು ಮೆಲ್ಲಗೆ ಹೇಳ್ದ, ಅಕ್ಕ, ಹತ್ತೋದು ಕಷ್ಟ ಇಲ್ಲ, ಇಳಿಯೋವಾಗ...”

“ಅಮ್ಮಾ, ಅವನಿಗೆ ಭಯ ಆಗಲ್ಲ.” ಹದಿನೇಳು ಹತ್ತಿರ ಬಂದು, ಮಗುವಿಗೆ ಹೇಳಿಕೊಡುವವನಂತೆ ಅವರ ಭುಜದ ಮೇಲೆ ಕೈ ಇಟ್ಟ. “ಸಿಡಿಲಣ್ಣನಿಗೆ ಯಾವತ್ತೂ ಭಯ ಆಗಿಲ್ಲಮ್ಮ. ನಾನೇ ನೋಡಿದೀನಲ್ಲ.”

ತಾಯಿ ತಲೆ ಎತ್ತಿ ಮಗನ ಮುಖ ನೋಡಿದರು. ನಾನು ಗಡಿಯಾರ ನೋಡಿದೆ. ಒಂಬತ್ತು ಸೆಕೆಂಡು.

“ಹೌದು ಕಣೋ” ಅಂದರು. “ನೀನು ನೋಡಿದೀಯ. ನಂಗೇ ಮರ್ತೋಗಿತ್ತು.”

ಆಮೇಲೆ ಒಂದು ಅಕ್ಷರವೂ ತಪ್ಪದಂತೆ ಹೇಳಿ ಮುಗಿಸಿದರು, ಮುಷ್ಟಿ ಎತ್ತಿದರು, ಗುಡುಗಿನ ಸದ್ದನ್ನೂ ಮಾಡಿದರು. ಮೊಮ್ಮಗಳು ಚಪ್ಪಾಳೆ ತಟ್ಟಿದಳು. ನಡುವೆ ತಡೆದದ್ದಕ್ಕೆ ಎರಡು ಅಂಕ ಕಳೆದು ನೂರಕ್ಕೆ ತೊಂಬತ್ತೆಂಟು ಕೊಟ್ಟೆ. ಪರವಾನಗಿ ಮೂರು ವರ್ಷ ಊರ್ಜಿತ. ಹದಿನೇಳಿಗೆ ಎಷ್ಟು ಖುಷಿಯಾಯಿತೆಂದರೆ, ಅದಕ್ಕೆ ಗಾಜಿನ ಕಟ್ಟು ಹಾಕಿಸಿ ಮಿಷನ್ನಿನ ಮೇಲೆ ತೂಗುಹಾಕುತ್ತೇನೆ ಅಂದ. ಮೊಳೆ ಹೊಡೆಯುವ ಜಾಗವನ್ನು ತಾಯಿಯೇ ತೋರಿಸಿದರು.